600 ಎಂಎಂಗೆ ಯಾವ ಕ್ಯಾಮೆರಾ?

ಪ್ರಶ್ನೆ: ಹಕ್ಕಿ ಫೋಟೋಗೆ ಫುಲ್ ಫ್ರೇಮ್ (ಬೆಳಕು ಹಿಡಿಯೋ ಸೆನ್ಸರ್ ದೊಡ್ಡದಿರೋ ಕ್ಯಾಮೆರಾ) ತಗೊಳ್ಳೋದಾ, ಮೈಕ್ರೋ ಫೋರ್ ಥರ್ಡ್ಸಾ (ಸೆನ್ಸರ್ ಚಿಕ್ಕದಿರೋದು)? ತೂಕ, ದುಡ್ಡು ಎರಡೂ ಚಿಂತೆ.

ಉತ್ತರ: ಫುಲ್ ಫ್ರೇಮ್‌ಗೆ ಸೋನಿ 600 ಎಂಎಂ ಎಫ್4 (ಬೆಳಕು ಬಿಡೋ ಕಿಂಡಿಯ ಅಳತೆ) ಲೆನ್ಸೇ 3 ಕೆಜಿ, ಬಂದಾಗ ಅಮೆರಿಕದಲ್ಲಿ 13,000 ಡಾಲರ್ ಇತ್ತು, ಮೈಕ್ರೋ ಫೋರ್ ಥರ್ಡ್ಸ್‌ಗೆ ಒಲಿಂಪಸ್ 300 ಎಂಎಂ ಎಫ್4 ಕಾಲರ್ (ಟ್ರೈಪಾಡ್‌ಗೆ ಕೂರಿಸೋ ಪಟ್ಟಿ) ಬಿಟ್ಟು 1.27 ಕೆಜಿ, ಬಂದಾಗ 2,500 ಡಾಲರ್, ಸೆನ್ಸರ್ ಚಿಕ್ಕದಾಗಿರೋದ್ರಿಂದ ಹಕ್ಕಿ ಅಷ್ಟೇ ಹತ್ರ ಕಾಣುತ್ತೆ. ಆದ್ರೆ ಎರಡೂ ಒಂದೇ ಅಂದ್ಕೋಬೇಡಿ, ಸಣ್ಣ ಸೆನ್ಸರ್‌ಗೆ ಒಟ್ಟು ಸಿಗೋ ಬೆಳಕು ಕಾಲುಭಾಗ ಅಷ್ಟೇ, ಮುಂಜಾನೆ ಮಬ್ಬಲ್ಲಿ ಕೊಕ್ಕರೆ ರೆಕ್ಕೆ ಮೇಲೆ ಕಾಳುಕಾಳು ನಾಯ್ಸ್ ಬರುತ್ತೆ. ನ್ಯಾಯವಾಗಿ ಹೋಲಿಸಬೇಕಂದ್ರೆ ಎಫ್4ಗಿಂತ ಕಡಿಮೆ ಬೆಳಕು ಬಿಡೋ ಸೋನಿ 200-600 ಜೂಮ್ ಲೆನ್ಸ್ ನೋಡಿ, 2.1 ಕೆಜಿ, ಸುಮಾರು 2,000 ಡಾಲರ್‌ಗೆ ಬಂದಿದ್ದು, ಅಂದ್ರೆ ದುಡ್ಡಲ್ಲಿ ಉಳಿತಾಯ ಇಲ್ಲ, ತೂಕದಲ್ಲಿ ಮಾತ್ರ! ರಂಗನತಿಟ್ಟಿನ ದೋಣೀಲಿ ಟ್ರೈಪಾಡ್ ಇಲ್ದೆ ಕೈಯಲ್ಲೇ ಹಿಡಿಯೋರಾದ್ರೆ ನಾನು ಒಲಿಂಪಸ್ಸೇ ಹೇಳ್ತೀನಿ.