ದಾನವಲ್ಲ, ಸಾಲ

ಕಳೆದ ಸಂಚಿಕೆಯಲ್ಲಿ 19ನೇ ಶತಮಾನದ ಅಮೆರಿಕನ್ ಬ್ಯಾಂಕರ್, ದಾನಿ ಜಾರ್ಜ್ ಪೀಬಡಿ ಕುರಿತು ಬಂದ ಲೇಖನ ಓದಿ ಸಾಗರದ ಓದುಗರೊಬ್ಬರು ಬರೆದಿದ್ದಾರೆ: 'ಲೇವಾದೇವಿಯಲ್ಲಿ ಗಳಿಸಿದವನು, ಹೆಂಡತಿ ಮಕ್ಕಳಿಲ್ಲದವನು, ಕೊನೆಗಾಲದಲ್ಲಿ ದುಡ್ಡು ಹಂಚಿದ್ದರಲ್ಲಿ ಏನು ಹೆಚ್ಚುಗಾರಿಕೆ? ಹೆಸರಿನ ಹಂಬಲ, ಅಷ್ಟೇ.'

ಹಂಬಲ ಇರಲೇ ಇಲ್ಲ ಎನ್ನಲಾರೆ. ಆತ ಹುಟ್ಟಿದ ಊರಿಗೇ 1868ರಲ್ಲಿ ಆತನ ಹೆಸರು ಬಂತು. ಅಮೆರಿಕದ ದಕ್ಷಿಣ ರಾಜ್ಯಗಳ ಶಾಲೆಗಳಿಗೆಂದು ಇಟ್ಟ ನಿಧಿಯಲ್ಲಿ ಕಪ್ಪುಮಕ್ಕಳಿಗೆ ಸಿಕ್ಕ ಪಾಲು ಕಡಿಮೆ ಎಂಬುದೂ ನಿಜ.

ಆದರೆ 'ಕೊನೆಗಾಲದಲ್ಲಿ' ಎಂದಿರಲ್ಲ, ಅಲ್ಲಿ ನೀವು ಅವಸರಪಟ್ಟಿರಿ. 11ನೇ ವಯಸ್ಸಿಗೆ ಶಾಲೆ ಬಿಟ್ಟು ಅಂಗಡಿ ಕೆಲಸಕ್ಕೆ ನಿಂತ ಹುಡುಗ ಆತ. 16ಕ್ಕೆ ತಂದೆ ತೀರಿಕೊಂಡರು, ಮನೆಯ ಹೊರೆ ಹೆಗಲಿಗೆ ಬಿತ್ತು. ಮುಂದೆ ತಂಗಿಯ ಮಗನನ್ನು ಓದಿಸಿದ. ಡೈನೋಸಾರ್‌ಗಳ ಮೂಳೆ ಹುಡುಕಿಸಿ ಹೆಸರಾದ ಒಥ್ನಿಯಲ್ ಮಾರ್ಷ್ ಆ ಹುಡುಗನೇ. ಲಂಡನ್ನಿನಲ್ಲಿ ದೊಡ್ಡ ಬ್ಯಾಂಕರ್ ಆದ ಮೇಲೂ ಮಳೆಯಲ್ಲಿ ನಿಂತು, ಎರಡು ಪೆನ್ನಿಯ ಬಸ್ಸು ಬಿಟ್ಟು ಒಂದು ಪೆನ್ನಿಯದಕ್ಕೆ ಕಾಯುತ್ತಿದ್ದನಂತೆ. ಇದನ್ನು ಕೇಳಿದಾಗ ನನಗೆ ನೆನಪಾಗುವುದು ಮೊಮ್ಮಕ್ಕಳ ಫೀಜಿಗೆಂದು ಸೆರಗಿನ ತುದಿಯಲ್ಲಿ ನಾಲ್ಕಾಣೆ ಗಂಟು ಹಾಕಿಡುತ್ತಿದ್ದ ಅಜ್ಜಿ. ಅದೇ ಕೈ ಲಂಡನ್ನಿನ ಬಡ ಕೂಲಿಕಾರರ ಮನೆಗಳಿಗೆ 1862ರಿಂದ ಒಟ್ಟು 5 ಲಕ್ಷ ಪೌಂಡ್ ಕೊಟ್ಟಿತು. ರಾಣಿ ಕೊಡಬಂದ ಬಿರುದನ್ನು ಆತ ಬೇಡವೆಂದ.

1852ರಲ್ಲಿ ಹುಟ್ಟೂರಿನ ಗ್ರಂಥಾಲಯಕ್ಕೆ 20,000 ಡಾಲರ್ ಕಳಿಸಿದಾಗ ಜೊತೆಗೊಂದು ಮಾತು ಬರೆದ: ಶಿಕ್ಷಣವೆಂದರೆ ಈಗಿನ ತಲೆಮಾರು ಮುಂದಿನ ತಲೆಮಾರಿಗೆ ತೀರಿಸಬೇಕಾದ ಸಾಲ. ಆತ ಸಾಯಲು ಇನ್ನೂ 17 ವರ್ಷವಿತ್ತು. ಬ್ಯಾಂಕರ್ ಆದವನು ಸಾಲ ಎಂಬ ಮಾತನ್ನು ಸುಮ್ಮನೆ ಆಡುವುದಿಲ್ಲ ಸ್ವಾಮಿ. ದಾನವಾದರೆ ಮನಸ್ಸು ಬಂದಾಗ ಕೊಡಬಹುದು. ಸಾಲಕ್ಕೆ ವಾಯಿದೆ ಉಂಟು.

ನಮ್ಮಲ್ಲಿ ಈ ಸಾಲ ಕಾನೂನಿನಲ್ಲೇ ಇದೆ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ವಸೂಲಾದ ಹಣ ಎಷ್ಟೋ ಕಡೆ ಗ್ರಂಥಾಲಯ ಮುಟ್ಟುವುದೇ ಇಲ್ಲ. ನಾನು ಓದಿನ ರುಚಿ ಹತ್ತಿಸಿಕೊಂಡ ವಾಚನಾಲಯಕ್ಕೆ ಈಚೆಗೆ ಹೋಗಿದ್ದೆ. ಮಾಡು ಸೋರಿ, ಕಾದಂಬರಿಗಳ ಕಪಾಟಿಗೆ ಗೆದ್ದಲು ಹಿಡಿದಿತ್ತು. ಅದೇ ಬೀದಿಯ ಹೊಸ ಮಹಾದ್ವಾರದಲ್ಲಿ ದಾನಿಗಳ ಹೆಸರು ಅಮೃತಶಿಲೆಯಲ್ಲಿ ಹೊಳೆಯುತ್ತಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ನೀವು ಒಳ್ಳೆಯ ಓದುಗರು, ಪತ್ರದಲ್ಲೇ ಗೊತ್ತಾಗುತ್ತದೆ. ನಿಮ್ಮೂರಿನ ಗ್ರಂಥಾಲಯಕ್ಕೆ ಈ ವರ್ಷ ಎಷ್ಟು ಕರ ಬಂತು, ಎಷ್ಟು ಹೊಸ ಪುಸ್ತಕ ಬಂದವು ಎಂದು ವಿಚಾರಿಸಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂ.