ವಿಧಿಯನ್ನು ತೆಗೆದು 330 ಡಿಗ್ರಿ ಹಾಕಿ

ಪ್ರಿಯರೇ,

ನಿಮ್ಮ 'ಮರಳು ನುಂಗಿದ ಲೋಹದ ಹಕ್ಕಿ' ಲೇಖನ ತಲುಪಿತು, ಓದಿದೆ. 1943ರ ಏಪ್ರಿಲ್ 4ರಂದು ನೇಪಲ್ಸ್ ಬಂದರಿನ ದಾಳಿಗೆ ಹೊರಟು, ವಾಪಸು ಬರುವಾಗ ತನ್ನ ನೆಲೆಯನ್ನೇ ದಾಟಿ ಲಿಬಿಯಾದ ಮರುಭೂಮಿಯೊಳಕ್ಕೆ ಹೋಗಿಬಿಟ್ಟ 'ಲೇಡಿ ಬಿ ಗುಡ್' ಎಂಬ ಅಮೆರಿಕದ ಬಿ-24 ಬಾಂಬರ್, ಅದರೊಳಗಿದ್ದ ಒಂಬತ್ತು ಜನ. ವಿಷಯ ಒಳ್ಳೆಯದು. ಭಾಷೆ ಸರಾಗವಾಗಿದೆ, ಹೆಸರುಗಳು ಸರಿಯಾಗಿವೆ, ಕಾಗುಣಿತದ ತಪ್ಪು ಕಡಿಮೆ. ಹೊಗಳಿಕೆ ಇಷ್ಟಕ್ಕೆ ಮುಗಿಸುತ್ತೇನೆ, ಏಕೆಂದರೆ ಎರಡನೇ ಪುಟದ ಒಂದು ವಾಕ್ಯ ಓದಿದಾಗಿನಿಂದ ಬಿಡದೆ ಕಾಡುತ್ತಿದೆ:

"ವಿಧಿಯ ಕೈವಾಡವೋ ಏನೋ, ದಾರಿ ತಪ್ಪಿದ ಆ ನತದೃಷ್ಟ ವಿಮಾನ ಅನಂತ ಮರಳಿನ ಒಡಲನ್ನು ಸೇರಿತು."

ಈ ಒಂದು ಸಾಲಿನಲ್ಲಿ ಇಡೀ ದುರಂತದ ಕಾರಣ ಹೂತುಹೋಗಿದೆ. ಒಂದೊಂದೇ ತುಂಡಾಗಿ ನೋಡೋಣ.

"ವಿಧಿಯ ಕೈವಾಡವೋ ಏನೋ." ಆ 'ಏನೋ' ಏನು ಅಂತ ಹೇಳುವುದೇ ನಿಮ್ಮ ಕೆಲಸವಾಗಿತ್ತು. ಅಂದು ಮಧ್ಯಾಹ್ನ ಲಿಬಿಯಾದ ಸೊಲೂಕ್ ನೆಲೆಯಿಂದ 25 ಲಿಬರೇಟರ್‌ಗಳು (ಬಿ-24ರ ಇನ್ನೊಂದು ಹೆಸರು) ಹೊರಟವು. ಮರಳುಗಾಳಿ ಬೀಸುತ್ತಿತ್ತು, ಕೆಲವು ವಿಮಾನಗಳ ಎಂಜಿನ್‌ಗೆ ಮರಳು ಹೊಕ್ಕು ಅವು ಅರ್ಧದಲ್ಲೇ ತಿರುಗಿದವು. 'ಲೇಡಿ ಬಿ ಗುಡ್' ಹೊರಟಿದ್ದೇ ತಡವಾಗಿ. ಅದರ ಪೈಲಟ್ ಹ್ಯಾಟನ್‌ನ ತಂಡಕ್ಕೆ ಅದು ಮೊದಲ ದಾಳಿ. ನೇಪಲ್ಸ್ ತಲುಪುವ ಹೊತ್ತಿಗೆ ಗುರಿ ಕಾಣಿಸುತ್ತಿರಲಿಲ್ಲ. ಬಾಂಬುಗಳನ್ನು ಸಮುದ್ರಕ್ಕೆ ಹಾಕಿ, ಕತ್ತಲಲ್ಲಿ ಒಂಟಿಯಾಗಿ ಹಿಂತಿರುಗಿದರು. ರಾತ್ರಿ 12 ಗಂಟೆ 12 ನಿಮಿಷಕ್ಕೆ ಹ್ಯಾಟನ್ ರೇಡಿಯೊದಲ್ಲಿ ಕೇಳಿದ್ದು: ನಮ್ಮ ದಿಕ್ಕು ತೋರಿಸುವ ಉಪಕರಣ ಕೆಲಸ ಮಾಡುತ್ತಿಲ್ಲ, ನಾವೆಲ್ಲಿದ್ದೇವೆ ಹೇಳಿ. ಲಿಬಿಯಾದ ಕರಾವಳಿಯ ಹತ್ತಿರದ ಬೆನಿನಾದ ನೆಲಕೇಂದ್ರದಿಂದ ಬಂದ ಉತ್ತರ: 330 ಡಿಗ್ರಿ. ಅಂದರೆ ನೀವು ನಮಗೆ ವಾಯವ್ಯದಲ್ಲಿದ್ದೀರಿ, ಇನ್ನೂ ಸಮುದ್ರದ ಮೇಲೇ ಇದ್ದೀರಿ.

ನಿಮ್ಮ ಬರಹದಲ್ಲಿ ಈ 330 ಎಲ್ಲೂ ಇಲ್ಲ. ಇದಿಲ್ಲದೆ ಕಥೆಯೇ ಇಲ್ಲ. ಆ ಕೇಂದ್ರದಲ್ಲಿದ್ದದ್ದು ಲೂಪ್ ಆಂಟೆನಾ. ಅದನ್ನು ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಸದ್ದು ಅಡಗುತ್ತದೆ, ಆ ಕೋನದಿಂದ ದಿಕ್ಕನ್ನು ಓದುತ್ತಾರೆ. ತೊಂದರೆ ಏನೆಂದರೆ ಸದ್ದು ಅಡಗುವ ಕೋನ ಒಂದಲ್ಲ, ಎರಡು. ಎರಡೂ ಎದುರುಬದುರು, ನಡುವೆ 180 ಡಿಗ್ರಿ. ಆಂಟೆನಾ ಹೇಳುವುದು ವಿಮಾನ ಈ ಗೆರೆಯ ಮೇಲಿದೆ ಎಂದಷ್ಟೇ. ಗೆರೆಯ ಯಾವ ತುದಿಯಲ್ಲಿದೆ ಎನ್ನುವುದನ್ನು ಅದು ಹೇಳದು. 330 ಇದ್ದರೂ ಅದೇ ಸದ್ದು, 150 ಇದ್ದರೂ ಅದೇ ಸದ್ದು. ನೇಪಲ್ಸ್‌ನಿಂದ ಬರುವ ವಿಮಾನ ವಾಯವ್ಯದಲ್ಲೇ ಇರಬೇಕು ಎಂಬ ಊಹೆಯ ಮೇಲೆ 330 ಎಂದರು. ವಿಮಾನ ಆಗಲೇ ನೆಲೆಯನ್ನು ದಾಟಿ ಆಗ್ನೇಯಕ್ಕೆ ಹೋಗಿತ್ತು, ನಿಜವಾದ ಸಂಖ್ಯೆ 150 ಆಗಿತ್ತು ಎಂಬುದು ಇವತ್ತಿಗೂ ಬಹುಪಾಲು ಜನ ಒಪ್ಪುವ ವಿವರಣೆ.

ಈ ಎರಡು ತುದಿಯ ಗೊಂದಲ ರೇಡಿಯೊದವರಿಗೆ ಹೊಸದೇನಲ್ಲ, ಬಿಡಿಸುವ ದಾರಿಗಳೂ ಇದ್ದವು. ಲೂಪಿನ ಜೊತೆಗೆ ನೆಟ್ಟಗಿನ ಇನ್ನೊಂದು ಆಂಟೆನಾ ಜೋಡಿಸಿದರೆ ಎರಡರ ಸಂಕೇತ ಸೇರಿ ಸದ್ದು ಒಂದೇ ಕಡೆ ಅಡಗುತ್ತದೆ. ದೂರದಲ್ಲಿ ಎರಡನೇ ಕೇಂದ್ರವಿದ್ದರೆ ಎರಡು ಗೆರೆ ಎಳೆದು ಅವು ಕೂಡುವ ಜಾಗ ನೋಡಬಹುದು. ಎರಡೂ ಇಲ್ಲವೆಂದರೆ ವಿಮಾನವನ್ನೇ ತಿರುಗಿಸಬೇಕು. ಬಂದ ಗೆರೆಗೆ ಅಡ್ಡಲಾಗಿ, ಈಶಾನ್ಯಕ್ಕೆ ಐದು ನಿಮಿಷ ಹಾರಿಸಿ ಮತ್ತೊಮ್ಮೆ ಅಳೆಯುವುದು. ಸಂಖ್ಯೆ 330ರಿಂದ ಮೇಲಕ್ಕೆ ಹೋದರೆ ವಿಮಾನ ಸಮುದ್ರದ ಕಡೆ ಇದೆ, ಕೆಳಕ್ಕೆ ಇಳಿದರೆ ಮರುಭೂಮಿಯ ಕಡೆ ಇದೆ. ಐದು ನಿಮಿಷ ಅಂದರೆ ಸುಮಾರು 29 ಕಿ.ಮೀ. ಕೇಂದ್ರದಿಂದ 60-70 ಕಿ.ಮೀ. ದೂರದಲ್ಲಿದ್ದ ವಿಮಾನಕ್ಕೆ ಇಪ್ಪತ್ತು ಡಿಗ್ರಿಗೂ ಹೆಚ್ಚು ವ್ಯತ್ಯಾಸ ಬರಬೇಕು, ಯಾರೂ ತಪ್ಪಿ ಓದಲಾಗದಷ್ಟು. ಆದರೆ ಇಂಧನ ಕರಗುತ್ತಿರುವ ನಡುರಾತ್ರಿಯಲ್ಲಿ ಹಾಗೆ ಅಡ್ಡ ತಿರುಗಬೇಕಾದರೆ ಮೊದಲು ಅನುಮಾನ ಹುಟ್ಟಬೇಕು. 330 ಎಂಬ ಸಂಖ್ಯೆ ಆ ಅನುಮಾನಕ್ಕೆ ಜಾಗವನ್ನೇ ಬಿಡಲಿಲ್ಲ. ನೀವು 'ವಿಧಿ' ಎಂದು ಬರೆದ ಜಾಗದಲ್ಲಿ ಇದಿಷ್ಟೂ ಬರಬೇಕು.

"ದಾರಿ ತಪ್ಪಿದ." ತಪ್ಪಿರಲಿಲ್ಲ ಸ್ವಾಮಿ, ಇದೇ ಇಲ್ಲಿನ ಘೋರ. ವಿಮಾನ ತಾನು ಹಿಡಿಯಬೇಕಾದ ಗೆರೆಯ ಮೇಲೇ ಇತ್ತು, ಇಳಿಯಬೇಕಾದ ಜಾಗ ಮಾತ್ರ ಹಿಂದೆ ಉಳಿದಿತ್ತು. ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ರೇಡಿಯೊದಲ್ಲಿ ಕೇಳಿದ್ದು 12.12ಕ್ಕೆ, ಹಾರಿಕೊಂಡದ್ದು 2 ಗಂಟೆಗೆ. ನಡುವೆ 108 ನಿಮಿಷ. ಬಿ-24ರ ಸಾಧಾರಣ ವೇಗ ಗಂಟೆಗೆ ಸುಮಾರು 345 ಕಿ.ಮೀ. ಅಂದರೆ 620 ಕಿ.ಮೀ. ವಿಮಾನ ಸಿಕ್ಕಿದ್ದು ಸೊಲೂಕ್‌ನಿಂದ ಸುಮಾರು 710 ಕಿ.ಮೀ. ದೂರದಲ್ಲಿ. ಸಿಬ್ಬಂದಿ ಹಾರಿಕೊಂಡ ಮೇಲೆ ಅದು ತಾನೇ ಹೋದ 26 ಕಿ.ಮೀ. ಕಳೆಯಿರಿ. ಸುಮಾರು 60 ಕಿ.ಮೀ. ಲೆಕ್ಕಕ್ಕೆ ಮಿಕ್ಕುತ್ತದೆ, ಅಂದರೆ ರೇಡಿಯೊದಲ್ಲಿ ಕೇಳುವಾಗಲೇ ವಿಮಾನ ನೆಲೆಯಿಂದ ಅಷ್ಟು ಆಚೆ ಹೋಗಿತ್ತು. ಗಾಳಿಯ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ, ಆದರೂ ಮೇಲಿನ ವಿವರಣೆ ಏಕೆ ನಿಲ್ಲುತ್ತದೆ ಎನ್ನುವುದು ಓದುಗನಿಗೆ ತಾನಾಗಿ ಹೊಳೆಯುತ್ತದೆ. ಹುಡುಕಾಟಕ್ಕೆ ಹೋದವರು ಮೆಡಿಟರೇನಿಯನ್ ಸಮುದ್ರವನ್ನು ಜಾಲಾಡಿದ್ದು ಆ 330ನ್ನು ನಂಬಿ. ನೆಲೆಯಲ್ಲಿದ್ದವರ ಮಟ್ಟಿಗೆ ಆ ವಿಮಾನ ನೀರಿಗೆ ಬಿದ್ದಿತ್ತು, ಅಷ್ಟೇ.

"ಅನಂತ ಮರಳಿನ ಒಡಲು." ವಿಮಾನ ಇಳಿದದ್ದು ಮರಳಿನ ದಿಬ್ಬದ ಮೇಲಲ್ಲ. ಲಿಬಿಯಾದ ಕಲಾನ್ಷೊ ಮರುಭೂಮಿಯ ಆ ಭಾಗ ಗಟ್ಟಿ ಜಲ್ಲಿಯ ಬಯಲು, ಮಟ್ಟಸ. ಇದನ್ನು ಹೇಳದೆ ಹೋದದ್ದರಿಂದಲೇ ಮೂರನೇ ಪುಟದಲ್ಲಿ ನಿಮಗೆ "ಅದೃಶ್ಯ ಪೈಲಟ್ ಒಬ್ಬ ಮೆಲ್ಲಗೆ ಇಳಿಸಿದಂತೆ" ಎಂದು ಬರೆಯಬೇಕಾಗಿ ಬಂದಿದೆ. ಅದೃಶ್ಯ ಪೈಲಟ್ ಬೇಕಿಲ್ಲ. ಮೂರು ಎಂಜಿನ್ ನಿಲ್ಲಿಸಿ, ಅವುಗಳ ಪ್ರೊಪೆಲರ್ ಅಲಗುಗಳನ್ನು ಗಾಳಿಗೆ ಅಡ್ಡಬಾರದಂತೆ ತಿರುಗಿಸಿದ್ದರು. ನಾಲ್ಕನೆಯದೊಂದು ನಡೆಯುತ್ತಿತ್ತು. ಟ್ಯಾಂಕುಗಳು ಹೆಚ್ಚುಕಡಿಮೆ ಖಾಲಿ, ಬಾಂಬು ಇಲ್ಲ, ಒಂಬತ್ತು ಜನರ ಭಾರವೂ ಇಳಿದಿದೆ. ಬಿ-24ಕ್ಕೆ ಉದ್ದನೆಯ ಕಿರಿದಾದ ರೆಕ್ಕೆ, ಹಗುರಾದಾಗ ಅದು ಥಟ್ಟನೆ ಬೀಳದೆ ನಿಧಾನವಾಗಿ ಎತ್ತರ ಕಳೆದುಕೊಳ್ಳುತ್ತದೆ. ಕೆಳಗೆ ಮಟ್ಟಸದ ಜಲ್ಲಿ. ಹೊಟ್ಟೆಯ ಮೇಲೆ ಜಾರಿತು, ರೆಕ್ಕೆಯ ಹಿಂದೆ ಎರಡಾಗಿ ಮುರಿಯಿತು, ನಿಂತಿತು. 1959ರಲ್ಲಿ ತನಿಖೆಯವರು ಒಳಗೆ ಹೊಕ್ಕಾಗ ರೇಡಿಯೊ ಕೆಲಸ ಮಾಡುತ್ತಿತ್ತು, ಮೆಷಿನ್‌ಗನ್ ಗುಂಡು ಹಾರಿಸಿತು, ನೀರಿತ್ತು.

ಪಕ್ಕದಲ್ಲೇ ಇನ್ನೊಂದು ಸಾಲು: "ಬಾಗಿಲು ತೆರೆದು ಒಬ್ಬರ ಹಿಂದೆ ಒಬ್ಬರು ಕತ್ತಲೆಗೆ ಧುಮುಕಿದರು." ಯಾವ ಬಾಗಿಲು? ಲಿಬರೇಟರ್‌ನಲ್ಲಿ ಬಸ್ಸಿಗಿರುವಂಥ ಪಕ್ಕದ ಬಾಗಿಲಿಲ್ಲ. ಮುಂದಿನವರು ಸಾಮಾನ್ಯವಾಗಿ ಹಾರುವುದು ಬಾಂಬು ತುಂಬುವ ಹೊಟ್ಟೆಯ ಭಾಗದಿಂದ. ಅದರ ಕದಗಳು ಅಂಗಡಿಯ ರೋಲಿಂಗ್ ಶಟರ್ ಹಾಗೆ ಪಕ್ಕಕ್ಕೆ ಸುತ್ತಿಕೊಳ್ಳುತ್ತವೆ, ನಡುವೆ ಒಂದು ಪಾದ ಇಡುವಷ್ಟು ಅಗಲದ ಪಟ್ಟಿ. ಹಿಂದಿನ ಗನ್ನರ್‌ಗಳಿಗೆ ಬಾಲದ ಹತ್ತಿರ ನೆಲದಲ್ಲಿ ಬೇರೆ ಕಿಂಡಿ. ಈ ವಿವರ ಅಲಂಕಾರಕ್ಕಲ್ಲ. ಗಂಟೆಗೆ 300 ಕಿ.ಮೀ. ವೇಗದ ವಿಮಾನ ಸೆಕೆಂಡಿಗೆ ಎಂಬತ್ತು ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಒಬ್ಬ ಐದು ಸೆಕೆಂಡ್ ತಡಮಾಡಿದರೆ ಅವನು ಬೀಳುವುದು ನಾನೂರು ಮೀಟರ್ ಆಚೆ. ಅದಕ್ಕೇ ಅವರು ಕತ್ತಲಲ್ಲಿ ರಿವಾಲ್ವರ್ ಹಾರಿಸಿ, ಬೆಳಕಿನ ಬಾಣ ಬಿಟ್ಟು ಒಬ್ಬರನ್ನೊಬ್ಬರು ಹುಡುಕಬೇಕಾಯಿತು. ಎಂಟು ಜನ ಕೂಡಿದರು. ಬಾಂಬು ಹಾಕುವ ಹೊಣೆಯ ಬಾಂಬಾರ್ಡಿಯರ್ ಜಾನ್ ವೊರಾವ್ಕಾ ಬರಲಿಲ್ಲ. ಅವನ ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಂಡಿರಲಿಲ್ಲ ಎಂಬುದು 1960ರಲ್ಲಿ ದೇಹ ಸಿಕ್ಕಿದ ಮೇಲೆ ತಿಳಿಯಿತು. ನಿಮ್ಮಲ್ಲಿ ವೊರಾವ್ಕಾ "ಎಲ್ಲೋ ಕಳೆದುಹೋದ." ಅಷ್ಟೇ.

ನಾನು ಈ ಕೆಲಸ ಕಲಿತದ್ದು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ. ಅಲ್ಲಿದ್ದ ಹಿರಿಯ ಉಪಸಂಪಾದಕರು ಅಪಘಾತದ ವರದಿಯಲ್ಲಿ 'ದುರ್ದೈವವಶಾತ್' ಎಂಬ ಮಾತು ಕಂಡರೆ ಅದರ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ 'ಬ್ರೇಕೋ, ತಿರುವೋ, ನಿದ್ದೆಯೋ?' ಎಂದು ಬರೆದು ವಾಪಸು ಕೊಡುತ್ತಿದ್ದರು. ಮಾತು ಕಡಿಮೆ, ಗೆರೆ ಜಾಸ್ತಿ. ಆ ಚಟ ನನಗೂ ಅಂಟಿದೆ, ನಿಮ್ಮ ಹಸ್ತಪ್ರತಿಯ ಮೇಲಿನ ಕೆಂಪಿಗೆ ಅವರೂ ಪಾಲುದಾರರು.

ಇನ್ನು ನನ್ನನ್ನು ನಿಜಕ್ಕೂ ಕೆರಳಿಸಿದ ಐದನೇ ಪುಟ.

"'ಅಮ್ಮಾ...' ಎಂದು ಟೋನರ್‌ನ ಮನಸ್ಸು ಚೀರಿತು. ತಾಯಿಯ ಕೈತುತ್ತು ನೆನಪಾಗಿ ಕಣ್ಣೀರು ಧಾರೆಯಾಗಿ ಹರಿಯಿತು."

ಕೈತುತ್ತು ನಮ್ಮ ಮನೆಯದು, ಮೆಸಾಚುಸೆಟ್ಸ್‌ನ ಹುಡುಗನ ಬಾಯಿಗೆ ನೀವು ಇಟ್ಟದ್ದು. ಕಣ್ಣೀರು ಧಾರೆಯಾಗಿ ಹರಿಯಲು ಮೈಯಲ್ಲಿ ನೀರಿರಬೇಕು. ಅವರ ಬಳಿ ಇದ್ದದ್ದು ಅರ್ಧ ಕ್ಯಾಂಟೀನ್. ಅಮೆರಿಕದ ಸೈನಿಕರ ಕ್ಯಾಂಟೀನ್ ಹಿಡಿಯುವುದು ಒಂದು ಲೀಟರಿಗೆ ತುಸು ಕಡಿಮೆ, ಅರ್ಧ ಅಂದರೆ ಅರ್ಧ ಲೀಟರ್ ಎನ್ನಿ. ಎಂಟು ಜನಕ್ಕೆ ಹಂಚಿದರೆ ತಲೆಗೆ ಅರವತ್ತು ಮಿಲಿಲೀಟರ್, ಅದೂ ಇಡೀ ಪ್ರಯಾಣಕ್ಕೆ. ಮರುಭೂಮಿಯಲ್ಲಿ ನಡೆಯುವವನಿಗೆ ದಿನಕ್ಕೇ ಹಲವು ಲೀಟರ್ ಬೇಕು. ದಿನಕ್ಕೊಂದು ಮುಚ್ಚಳ ನೀರು ಎಂದು ಟೋನರ್ ತನ್ನ ಡೈರಿಯಲ್ಲಿ ಬರೆದಿದ್ದಾನೆ.

ಹೌದು, ಡೈರಿ ಇದೆ! ಸಹಪೈಲಟ್ ರಾಬರ್ಟ್ ಟೋನರ್ ಏಪ್ರಿಲ್ 4ರಿಂದ 12ರವರೆಗೆ ದಿನಾ ಒಂದೆರಡು ಸಾಲು ಬರೆದ. ಅದು ಅವನ ದೇಹದ ಜೊತೆಗೇ ಸಿಕ್ಕಿತು. ನೀವು ಅದನ್ನು ಓದಿದ್ದೀರಿ, ನಾಲ್ಕನೇ ಪುಟದಲ್ಲಿ ಅದರ ಹೆಸರೆತ್ತಿದ್ದೀರಿ. ಆಮೇಲೆ ಅದನ್ನು ಬದಿಗಿಟ್ಟು ನಿಮ್ಮದೇ ಸಂಭಾಷಣೆ ಕಟ್ಟಿದ್ದೀರಿ. ಆ ಮನುಷ್ಯ ಏನು ಬರೆದ ನೋಡಿ. ಹದಿನೈದು ನಿಮಿಷ ನಡಿಗೆ, ಐದು ನಿಮಿಷ ವಿಶ್ರಾಂತಿ. ಮಧ್ಯಾಹ್ನ ನರಕ, ರಾತ್ರಿ ಚಳಿ, ನಿದ್ದೆ ಇಲ್ಲ. 8ರಂದು ಮರಳಿನ ದಿಬ್ಬಗಳು ಎದುರಾದವು (ಮರಳು ಬರುವುದು ಇಲ್ಲಿ, ನಿಮ್ಮ ಎರಡನೇ ಪುಟದಲ್ಲಲ್ಲ). ತಂಡದ ಲಮಾಟ್‌ನ ಕಣ್ಣು ಹೋಯಿತು, ಉಳಿದವರದೂ ಕೆಟ್ಟಿದೆ. 9ರಂದು ಶೆಲಿ, ರಿಪ್ಸ್‌ಲಿಂಗರ್, ಮೂರ್ ಸಹಾಯ ತರಲು ಮುಂದೆ ಹೋದರು, ಉಳಿದ ಐವರಿಗೆ ನಡೆಯಲಾಗಲಿಲ್ಲ. 10ರಂದು ಒಂದೆರಡು ಹಕ್ಕಿ ಕಂಡವು. 11ರಂದು ನಾಲಿಗೆಗೆ ತಾಗಿಸುವಷ್ಟು ನೀರು ಮಾತ್ರ. ಅದರಲ್ಲಿ ಒಂದೇ ಒಂದು ಉಪಮೆಯಿಲ್ಲ. ನೀವು ಹಾಕಿರುವ ಎಂಟು ಉಪಮೆಗಳನ್ನೂ ಹೊಡೆದು, ತಾರೀಖಿನ ಪ್ರಕಾರ ಈ ಸಾಲುಗಳನ್ನೇ ನಿಮ್ಮ ಕನ್ನಡದಲ್ಲಿ ಕೊಡಿ. ಡೈರಿಯಲ್ಲಿ ಹೊರಟ ವಿಮಾನಗಳು 28 ಎಂದಿದೆ, ದಾಖಲೆಯ ಸಂಖ್ಯೆ 25. ಡೈರಿಯ ಮಾತು ಹಾಕುವಾಗ 28 ಎಂದೇ ಇರಲಿ, ಪಕ್ಕದಲ್ಲಿ ದಾಖಲೆಯದನ್ನೂ ಹೇಳಿ.

ಅದೇ ಪುಟದ ಕೊನೆಗೆ: "ನೀರು, ರೇಡಿಯೊ ಎಲ್ಲ ಇದ್ದ ವಿಮಾನವನ್ನು ಬಿಟ್ಟು, ಮೂರ್ಖರಂತೆ ವಿರುದ್ಧ ದಿಕ್ಕಿಗೆ ನಡೆದರು." ಈ 'ಮೂರ್ಖರಂತೆ' ಓದಿ ಕೋಪ ಬಂತು. ಅವರು ವಿಮಾನ ಬಿಟ್ಟದ್ದು ಆಕಾಶದಲ್ಲಿ, ಕತ್ತಲಲ್ಲಿ, ಅದು ಆಗ್ನೇಯಕ್ಕೆ ಹಾರಿಹೋಗುತ್ತಿದ್ದಾಗ. ಅದು ಚೂರಾಗದೆ 26 ಕಿ.ಮೀ. ಆಚೆ ನಿಂತಿದೆ ಎಂದು ಅವರಿಗೆ ಹೇಳುವವರು ಯಾರು? 330ರ ಲೆಕ್ಕ ನಂಬಿದವರಿಗೆ ಕರಾವಳಿ ಹತ್ತಿರದಲ್ಲೇ ಇರಬೇಕು. ತೇಲುಜಾಕೆಟ್ ತೊಟ್ಟುಕೊಂಡೇ ಹಾರಿದ್ದರು. ವಾಯವ್ಯಕ್ಕೆ ನಡೆದದ್ದು ಸರಿಯಾದ ದಿಕ್ಕಿಗೇ, ದೂರ ಮಾತ್ರ ಅವರು ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು. ಹಿಂದೆ ಬರುವವರಿಗೆ ತಿಳಿಯಲೆಂದು ಪ್ಯಾರಾಚೂಟ್ ಬಟ್ಟೆ ಹರಿದು ಬಾಣದ ಗುರುತು ಮಾಡಿ, ಹಾರಿಹೋಗದಂತೆ ಕಲ್ಲು ಹೇರಿ ಇಟ್ಟರು. ಬೂಟು, ಜಾಕೆಟ್‌ಗಳನ್ನೂ ಗುರುತಾಗಿ ಬಿಟ್ಟರು. ಐವರ ದೇಹ 1960ರ ಫೆಬ್ರವರಿಯಲ್ಲಿ ಸಿಕ್ಕಿದ್ದು ವಿಮಾನದಿಂದ ಸುಮಾರು 130 ಕಿ.ಮೀ. ದೂರದಲ್ಲಿ. ಶೆಲಿ, ರಿಪ್ಸ್‌ಲಿಂಗರ್ ಅದಕ್ಕೂ ಮುಂದೆ ಹೋಗಿದ್ದರು. ಮೂರ್ ಸಿಕ್ಕಿಲ್ಲ. ಅಷ್ಟು ನೀರಿನಲ್ಲಿ ಅಷ್ಟು ದೂರ ನಡೆದವರಿಗೆ ಆ ಪದ ಬಳಸಬೇಡಿ.

ವಿಮಾನದ ಭಾಗಗಳನ್ನು ಜೋಡಿಸಿದ ಬೇರೆ ವಿಮಾನಗಳಿಗೂ 'ಶಾಪ' ತಟ್ಟಿತು ಎಂಬ ಕೊನೆಯ ಎರಡು ಪುಟಗಳನ್ನು ಪೂರ್ತಿ ಹೊಡೆದಿದ್ದೇನೆ, ಅದರ ಬಗ್ಗೆ ವಾದ ಬೇಡ. ಮೊದಲ ಪ್ಯಾರಾದ "ನಮ್ಮ ನಾಡಿಗೆ ಅಪರಿಚಿತವಾದ ಈ ದೈತ್ಯ ವಿಮಾನ" ಎಂಬುದನ್ನೂ ತೆಗೆಯಿರಿ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಬೆಂಗಳೂರಿನ ಎಚ್‌ಎಎಲ್‌ನವರು ಹಾರುವಷ್ಟು ಸರಿಮಾಡಿ ಇಲ್ಲಿಗೆ ತಂದು, ಪೂರ್ತಿ ದುರಸ್ತಿ ಮಾಡಿ ವಾಯುಪಡೆಗೆ ಕೊಟ್ಟರು. 1968ರವರೆಗೆ ಅವು ನಮ್ಮ ವಾಯುಪಡೆಯಲ್ಲಿದ್ದವು. ಅವುಗಳ ಮೇಲೆ ಕೆಲಸ ಮಾಡಿದವರ ಮನೆಯವರು ಇದೇ ಊರಿನಲ್ಲಿದ್ದಾರೆ, ನಮ್ಮ ಪತ್ರಿಕೆ ಓದುತ್ತಾರೆ.

ತಿದ್ದಿ ಕಳಿಸುವಾಗ ಒಂದು ನಕ್ಷೆ ಇರಲಿ. ನೇಪಲ್ಸ್, ಬೆನಿನಾ, ಸೊಲೂಕ್, ಹಾರಿಕೊಂಡ ಜಾಗ, ವಿಮಾನ, ಐವರು ಸಿಕ್ಕ ಜಾಗ, ಇವಿಷ್ಟನ್ನು ಗುರುತಿಸಿ, 330-150ರ ಗೆರೆಯನ್ನು ಬೆನಿನಾದಿಂದ ಎರಡೂ ಕಡೆಗೆ ಎಳೆಯಿರಿ. ಮೈಲಿಗಳನ್ನೆಲ್ಲ ಕಿ.ಮೀ.ಗೆ ಬದಲಿಸಿ, ಈಗ ಎರಡೂ ಬೆರೆತಿವೆ. ಆರು ಪುಟ ಮೀರಬೇಡಿ. ಶೀರ್ಷಿಕೆ ನಾನು ನೋಡಿಕೊಳ್ಳುತ್ತೇನೆ.

ಇಂತಿ,
ಸಂಪಾದಕ