ಸಂಪಾದಕರ ಉತ್ತರ: ರಾಗಿ ಆ ಕೆಂಪು ಬಣ್ಣ ಮಾಡ್ಕೊಳೋದು ಯಾಕೆ

ನಮಸ್ಕಾರ ಅಮ್ಮಾ. ಜಾವಗಲ್ ಕಡೆಯಿಂದ ನೀವು ಬರೆದ ಕಾಗದ ಬಂದು ಹದಿನೈದು ದಿನ ಆಯ್ತು, ತಡ ಆಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಮಿಕ್ಕ ಓದುಗರಿಗೂ ತಿಳೀಲಿ ಅಂತ ನೀವು ಕೇಳಿದ್ದನ್ನ ಎರಡು ಮಾತಲ್ಲಿ ಹೇಳ್ಬಿಡ್ತೀನಿ: ನಿಮ್ಮ ಸೊಸೆ ರಾಗಿ ಹಿಟ್ಟನ್ನ ತೆಳು ಬಟ್ಟೇಲಿ ಸೋಸಿ ಮಗೂಗೆ ರಾಗಿ ಸರಿ (ಗಂಜಿ) ಮಾಡ್ತಾರೆ, ಅದೇ ಸೋಸಿದ ಹಿಟ್ಟಲ್ಲೇ ದೊಡ್ಡೋರಿಗೂ ಮುದ್ದೆ, ಉಳಿದಿದ್ದು ಎಮ್ಮೆಗೆ. ಆಮೇಲೆ ನಿಮ್ಮ ಪ್ರಶ್ನೆ: 'ಪ್ಯಾಕೆಟ್ ಮೇಲೆ ಆಂಟಿಆಕ್ಸಿಡೆಂಟ್ ಅಂತ ಹಾಕಿರ್ತಾರಲ್ಲ, ಅದು ಕಂಪನಿಯೋರು ಬೆರೆಸೋದಾ, ಗಿಡಾನೇ ಮಾಡೋದಾ? ಗಿಡಕ್ಕೆ ನಮ್ಮ ಆರೋಗ್ಯದ ಮೇಲೆ ಯಾಕಷ್ಟು ಅಕ್ಕರೆ?'

ಗಿಡಾನೇ ಮಾಡೋದು ಅಮ್ಮಾ. ಆದ್ರೆ ನಮಗೋಸ್ಕರ ಅಲ್ಲ, ತನ್ನ ಮರಿ ಕಾಯೋದಕ್ಕೆ.

ನಿಮ್ಮ ಕಾಗದ ಬಂದ ದಿನ ನಾನು ಒಂದು ಹಿಡಿ ರಾಗಿ ಅಂಗೈಲಿ ಹಾಕ್ಕೊಂಡು ಉಜ್ಜಿ ನೋಡ್ದೆ. ಮೇಲಿನ ಕಾಗದದಂಥ ಹೊಟ್ಟು ಉಫ್ ಅಂದ್ರೆ ಹಾರೋಗುತ್ತೆ, ಅದರ ಕೆಳಗೆ ಇಟ್ಟಿಗೆ ಬಣ್ಣದ ಸಿಪ್ಪೆ ಇದ್ಯಲ್ಲ ಅದು ಎಷ್ಟು ಉಜ್ಜಿದ್ರೂ ಬಿಡಲ್ಲ. ನೋಡೋಕೆ ಒಂದೇ ಸಿಪ್ಪೆ, ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಐದು ಪದರ, ಒಳಗಿನ ಬಿಳೀ ಹಿಟ್ಟಿಗೆ ಅಂಟ್ಕೊಂಡೇ ಇರುತ್ತೆ. ಒಳಗಿನ ಹಿಟ್ಟು ಮೆತ್ತಗೆ, ಸಿಪ್ಪೆ ಗಟ್ಟಿ, ಅದಕ್ಕೇ ಭತ್ತದ ಥರ ರಾಗೀನ ಪಾಲಿಶ್ ಮಾಡೋಕೆ ಹೋದ್ರೆ ಕಾಳೇ ಪುಡಿಯಾಗುತ್ತೆ, ನಮ್ಮೋರು ಇಡಿಯಾಗೇ ಬೀಸ್ಕೊಂಡು ಬಂದಿದ್ದು ಹಾಗೇ. ನೀವು ಕೇಳಿದ ಪದಾರ್ಥದ ಬಹುಪಾಲು ಆ ಕೆಂಪು ಸಿಪ್ಪೇಲೇ ಕೂತಿರೋದು.

ಅದನ್ನ ಮಾಡೋ ರೀತಿ ನನಗಂತೂ ತುಂಬಾ ಇಷ್ಟದ ವಿಷಯ, ಸ್ವಲ್ಪ ತಾಳ್ಮೆಯಿಂದ ಓದಿ. ಎಲೆ ಬಿಸಿಲಲ್ಲಿ ಮಾಡಿದ ಸಕ್ಕರೇನೇ ಬಂಡವಾಳ. ಅದರಲ್ಲಿ ಒಂದು ಪಾಲು ಶಿಕಿಮೇಟ್ ದಾರಿ ಅಂತ ಕರೆಯೋ ಏಳು ಹಂತ ದಾಟಿ, ಇನ್ನೂ ಒಂದೆರಡು ಕೈ ಬದಲಾಯಿಸಿ ಫಿನೈಲಲನೀನ್ ಅನ್ನೋ ಅಮೈನೋ ಆಮ್ಲ, ಅಂದ್ರೆ ಪ್ರೋಟೀನಿನ ಒಂದು ಇಟ್ಟಿಗೆ, ಆಗುತ್ತೆ. ಈ ದಾರಿ ಗಿಡಗಳಲ್ಲಿ, ಬ್ಯಾಕ್ಟೀರಿಯಾ, ಶಿಲೀಂಧ್ರಗಳಲ್ಲಿ ಇದೆ, ನಮಗಿಲ್ಲ, ನಿಮ್ಮ ಎಮ್ಮೆಗೂ ಇಲ್ಲ. ಕಾಫಿ ತೋಟದಲ್ಲಿ ಕಳೆಗೆ ಹೊಡೀತಾರಲ್ಲ ಗ್ಲೈಫೋಸೇಟ್, ಅದು ತಡೆಯೋದು ಇದೇ ದಾರೀನ, ಕಳೆ ಒಣಗೋದು ಅದಕ್ಕೇ. ಫಿನೈಲಲನೀನ್ ಸಿಕ್ಕ ಮೇಲೆ ಪಿಎಎಲ್ ಅನ್ನೋ ಕಿಣ್ವ (ಒಂದು ಪದಾರ್ಥಾನ ಇನ್ನೊಂದಾಗಿ ಮಾರ್ಪಡಿಸೋ ಪ್ರೋಟೀನು) ಅದರಿಂದ ಅಮೋನಿಯಾ ಕಿತ್ತು ಸಿನಮಿಕ್ ಆಮ್ಲ ಮಾಡುತ್ತೆ, ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತೆ. ಒಂದು ಕವಲಲ್ಲಿ ಫೆರುಲಿಕ್ ಆಮ್ಲ, ಇದು ಜೀವಕೋಶದ ಗೋಡೆಯ ಎಳೆ ಎಳೆಗೂ ಹೊಲಿಗೆ ಹಾಕುತ್ತೆ, ಗೋಣಿಚೀಲದ ಬಾಯಿ ಹೊಲಿದ ಹಾಗೆ. ಇನ್ನೊಂದು ಕವಲಲ್ಲಿ ಕ್ಯಾಟೆಚಿನ್, ಅವು ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಟ್ಯಾನಿನ್, ನಾಲಿಗೆಗೆ ಒಗರು ಕೊಡೋದು ಅದೇ. ಪ್ಯಾಕೆಟ್ ಮೇಲೆ ಆಂಟಿಆಕ್ಸಿಡೆಂಟ್ ಅಂತ ಹಾಕೋದು ಇಂಥವನ್ನೇ. ಚಿಕ್ಕಮಗಳೂರಿನ ಕಾಫಿ ಬೀಜದಲ್ಲಿರೋ ಕ್ಲೋರೋಜೆನಿಕ್ ಆಮ್ಲಾನೂ ಇದೇ ಮನೆತನದ್ದು.

ಮಣ್ಣಿಗೆ ಬಿದ್ದ ಕಾಳಿಗೆ ಬೂಷ್ಟು, ಹುಳ, ಬಿಸಿಲು ಎಲ್ಲದರ ಕಾಟ. ಓಡೋಕಾಗಲ್ಲ, ಹಾಗಾಗಿ ಔಷಧಿ ಅಂಗಡೀನ ಮೈಮೇಲೇ ಕಟ್ಕೊಂಡಿದೆ. ಓಟ್ಸ್ ಗಿಡಕ್ಕೆ ತುಕ್ಕು ರೋಗದ ಶಿಲೀಂಧ್ರ ತಗುಲಿದ್ರೆ ಅವೆನಂತ್ರಮೈಡ್ ಅನ್ನೋ ಪದಾರ್ಥ ಮಾಡ್ಕೊಳುತ್ತೆ, ಓಟ್ಸ್ ಪ್ಯಾಕೆಟ್ಟಲ್ಲಿ ಹೊಗಳೋ ಪದಾರ್ಥಗಳಲ್ಲಿ ಅದೂ ಒಂದು. ಹಾಗಂತ ಗಿಡ ಮಾಡಿದ್ದೆಲ್ಲ ಒಳ್ಳೇದು ಅಂತ ಅಲ್ಲ. ಎಳೇ ಜೋಳದ ಮೇವು ಮೇಯ್ದ ದನ ಉಸಿರಿಗೆ ಒದ್ದಾಡಿ ಸಾಯೋದನ್ನ ನಿಮ್ಮ ಕಡೆ ನೋಡಿರ್ತೀರಿ, ಅದರಲ್ಲಿರೋ ಧುರಿನ್ ಅನ್ನೋದು ಹೊಟ್ಟೇಲಿ ಸೈನೈಡ್ ಬಿಡುತ್ತೆ, ಅದಕ್ಕೂ ಮೂಲ ಇದೇ ಶಿಕಿಮೇಟ್ ದಾರಿ.

ನಮ್ಮ ಜಿಲ್ಲೆಯದ್ದೇ ಇನ್ನೊಂದು ಉದಾಹರಣೆ ಹೇಳ್ಬೇಕು, ಹೊಳೆನರಸೀಪುರದ ಕಡೆಯ ರಾಜಮುಡಿ ಅಕ್ಕಿ. ಕೆಂಪಕ್ಕಿಗಳ ಆ ಬಣ್ಣಾನೂ ಟ್ಯಾನಿನ್ ಜಾತೀದೇ. ಅದನ್ನ ಮಾಡು ಅಂತ ಹೇಳೋ ಆರ್‌ಸಿ ಅನ್ನೋ ಜೀನ್ ಒಂದಿದೆ, ಬಹುಪಾಲು ಬಿಳಿ ಅಕ್ಕಿ ತಳಿಗಳಲ್ಲಿ ಆ ಜೀನ್‌ನ 14 ಅಕ್ಷರ (ಡಿಎನ್ಎ ಬರಹದ ಅಕ್ಷರ) ಬಿಟ್ಟುಹೋಗಿದೆ, ಅಷ್ಟಕ್ಕೇ ಅಕ್ಕಿ ಬೆಳ್ಳಗಾಗಿದ್ದು. ಬೆಳ್ಳಗಿರೋದೇ ಚಂದ ಅಂತ ಸಾವಿರಾರು ವರ್ಷದಿಂದ ಜನ ಅದನ್ನೇ ಆರಿಸಿ ಬಿತ್ತಿದ್ರು, ಈಗ ನಾವು ಬಟ್ಟೇಲಿ ಸೋಸಿ ರಾಗೀಗೂ ಅದೇ ಮಾಡ್ತಿದೀವಿ ಅನ್ನೋದು ನನಗೆ ನಿಜಕ್ಕೂ ಸಂಕಟ.

ಕ್ಯಾಲ್ಸಿಯಂ ಬಗ್ಗೆನೂ ಕೇಳಿದ್ರಿ. ಅದು ಗಿಡ ಮಾಡೋದಲ್ಲ, ಮಣ್ಣಿಂದ ಹೀರ್ಕೊಳೋದು. 100 ಗ್ರಾಂ ರಾಗೀಲಿ ಸುಮಾರು 360 ಮಿಲಿಗ್ರಾಂ ಇದ್ರೆ ಪಾಲಿಶ್ ಅಕ್ಕೀಲಿ 10 ಕೂಡ ಇಲ್ಲ. ಅದರದ್ದೂ ದೊಡ್ಡ ಪಾಲು ಸಿಪ್ಪೇಲೇ.

ಈಗ ನಿಮ್ಮ ಮನೆ ಮಾತು. ಮಗುವಿನ ವಿಷಯದಲ್ಲಿ ಸೊಸೆ ಮಾಡ್ತಿರೋದು ಸರಿ ಅಮ್ಮಾ, ಬೈಬೇಡಿ. ಸಿಪ್ಪೆಯ ಟ್ಯಾನಿನ್ನು, ಫೈಟೇಟು (ಕಾಳು ತನ್ನ ರಂಜಕ ಕೂಡಿಡೋ ರೂಪ) ಕಬ್ಬಿಣಾನ ಹಿಡ್ಕೊಂಡು ಮೈಗೆ ಹತ್ತೋಕೆ ಬಿಡಲ್ಲ, ಎಳೇ ಹೊಟ್ಟೆಗೆ ನಾರೂ ಭಾರ. ರಾಗಿ ನೆನೆಹಾಕಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿದ್ರೆ ಇನ್ನೂ ಒಳ್ಳೇದು, ಮೊಳಕೆ ಬರುವಾಗ ಫೈಟೇಟ್ ಕಮ್ಮಿಯಾಗುತ್ತೆ, ಗೋಡೆಗೆ ಹೊಲಿದಿದ್ದ ಫೆರುಲಿಕ್ ಆಮ್ಲ ಒಂದಷ್ಟು ಬಿಚ್ಕೊಳುತ್ತೆ, ಪಿಷ್ಟ ಒಡೆದು ಸರಿ ತೆಳ್ಳಗಾಗೋದ್ರಿಂದ ಮಗು ಅಷ್ಟೇ ಬಟ್ಟಲಲ್ಲಿ ಜಾಸ್ತಿ ಹಿಟ್ಟು ತಿನ್ನುತ್ತೆ. ಆದ್ರೆ ದೊಡ್ಡೋರ ಮುದ್ದೆಗೆ ಬಟ್ಟೆ ಸೋಸೋದು ಬೇಡವೇ ಬೇಡ. ವಂದರಿ ಹಿಡಿದು ಕಲ್ಲು ಕಸ ತೆಗೀರಿ, ಸಾಕು. ಜೊತೆಗೆ ಸೊಪ್ಪಿನ ಬಸ್ಸಾರಿಗೆ ನಿಂಬೆಹಣ್ಣು ಹಿಂಡ್ಕೊಳಿ, ಕಬ್ಬಿಣ ಚೆನ್ನಾಗಿ ಹತ್ತುತ್ತೆ, ಊಟ ಆದ ತಕ್ಷಣ ಕಾಫಿ ಕುಡಿಯೋ ಅಭ್ಯಾಸ ಇದ್ರೆ ಒಂದು ಗಂಟೆ ಮುಂದಕ್ಕೆ ಹಾಕಿ.

ನಿಮ್ಮ ಯಜಮಾನರಿಗೆ ಶುಗರ್ ಇದೆ ಅಂದ್ರಿ. ರಾಗಿ ಸಿಪ್ಪೆಯ ಸಾರ ಪಿಷ್ಟ ಒಡೆಯೋ ಕಿಣ್ವಗಳನ್ನ ತಡೆಯುತ್ತೆ ಅಂತ ಪ್ರಯೋಗಶಾಲೇಲಿ ನೋಡಿದಾರೆ, ಆದ್ರೆ ಹೊಟ್ಟೆ ಅನ್ನೋದು ಗಾಜಿನ ನಳಿಕೆ ಅಲ್ಲ, ನುಣ್ಣನೆ ಹಿಟ್ಟಿನ ಮುದ್ದೆ ಎರಡು ಮೂರು ನುಂಗಿದ್ರೆ ಶುಗರ್ ಏರೇ ಏರುತ್ತೆ. ಒಂದು ಮುದ್ದೆ, ಜಾಸ್ತಿ ಸಾರು ಪಲ್ಯ, ಡಾಕ್ಟರ್ ಕೊಟ್ಟ ಮಾತ್ರೆ ತಪ್ಪಿಸೋ ಹಾಗಿಲ್ಲ.

ಮುಂದಿನ ಸಲ ಮೊಳಕೆಗೆ ನೆನೆಹಾಕ್ದಾಗ ಬೆಳಿಗ್ಗೆ ಆ ಕೆಂಚಗಿನ ನೀರನ್ನ ಚೆಲ್ಲೋ ಮುಂಚೆ ಒಂದು ಗಾಜಿನ ಲೋಟಕ್ಕೆ ಬಗ್ಗಿಸಿ ಸೊಸೆಗೆ ತೋರ್ಸಿ. ಇಷ್ಟು ಹೊತ್ತು ನಾನು ಹೇಳಿದ್ದರಲ್ಲಿ ಸ್ವಲ್ಪ ಆ ಲೋಟದಲ್ಲೇ ಇರುತ್ತೆ. ಹಾಗೇ ನಿಮ್ಮೂರಲ್ಲಿ ಬಿಳಿ ರಾಗಿ ಹಾಕೋರು ಯಾರಾದ್ರೂ ಇದ್ರೆ ವಿಚಾರಿಸಿ, ಕೊಯ್ಲಿನ ಹೊತ್ತಿಗೆ ಮಳೆ ಹಿಡ್ಕೊಂಡಾಗ ಅದರ ತೆನೆ, ಕೆಂಪು ರಾಗಿ ತೆನೆ, ಎರಡರಲ್ಲಿ ಬೂಷ್ಟು ಮೊದಲು ಯಾವುದಕ್ಕೆ ಬರುತ್ತೆ ಅಂತ. ತಿಳಿದ್ರೆ ಬರೀರಿ, ಮುಂದಿನ ಸಂಚಿಕೇಲಿ ಹಾಕ್ತೀನಿ.